ಆಮೆನ್ ತನಕ

ಕೊಪ್ಪಳ ಬಸ್ ನಿಲ್ದಾಣದಲ್ಲಿ ಪಕ್ಕ ಕೂತ ಇಬ್ಬರು ಹೆಂಗಸರು ಚರ್ಚಿನವರೆಂದು ರಜಿಯಾಬೇಗಂಗೆ ಮಾತಿನಲ್ಲೇ ತಿಳಿಯಿತು.

“ಎಸ್ತೇರಕ್ಕ, ಹನ್ನೊಂದು ಮಂದಿ ಹೊಸ ವಿಶ್ವಾಸಿಗಳಿಗೆ ನೀವೊಬ್ಬರ ಪ್ರಾರ್ಥನಿ ಎಷ್ಟಂತ ಕಲಿಸ್ತೀರಿ? ಐದು ಮಂದೀನ್ನ ನನಗ ಬಿಡ್ರಿ.”

“ಬಿಡ್ತೀನಿ ಸುಗುಣಾ. ಆದ್ರ ನಾನೂ ಬಂದು ಕುಂದರತೀನಿ.”

“ಬ್ಯಾಡ್ರಿ. ಪ್ರಾರ್ಥನಿ ಮಾಡಾಕ ಯಾರರ ತಡವರಿಸಿದ್ರ ಸಾಕು, ನೀವ ಮುಗಿಸಿಬಿಡ್ತೀರಿ.”

“ನಾನಾ? ಯಾವಾಗ?”

“ಮೊನ್ನಿ ಆ ಹೊಸಾಕಿ ಕಳಕಮ್ಮ ‘ತಂದೀ’ ಅಂದ್ಲು. ಆಮೆನ್ ತನಕ ನೀವ ಹೋದ್ರಿ.”

ಕುಷ್ಟಗಿ ಬಸ್ಸು ಬಂತು. ಪ್ರಯಾಣದ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದ ಎಸ್ತೇರಕ್ಕ ಮತ್ತೆ ತೆರೆದಳು.

“ನೀನ ಮಾಡು.”

ಸುಗುಣಾ ಅರ್ಧಕ್ಕೇ ತಡವರಿಸಿದಳು. ರಜಿಯಾಬೇಗಂ ನೋಡುತ್ತಾಳೆ, ಎಸ್ತೇರಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಾಳೆ! ಕಂಡಕ್ಟರ್ ಎರಡು ಸಲ ಸೀಟಿ ಊದಿದರೂ ಸೆರಗು ತೆಗೆಯಲಿಲ್ಲ. ಸುಗುಣಾ ತಾನಾಗಿ “ಆಮೆನ್” ಅಂದ ಮೇಲೆಯೇ ಎಸ್ತೇರಕ್ಕ ಓಡಿಹೋಗಿ ಬಸ್ಸು ಹತ್ತಿದಳು.