ಅವಿರೋಧ ಆಯ್ಕೆ

ಮುಂದಿನ ಸಾಲಿನಲ್ಲಿ ಕೂತಿರುವ ಸಾಜಿದಾ ಅವರೇ, ಹಾನಿಯಾ, ಲಾಸ್ ಏಂಜಲೀಸ್‌ನಿಂದಲೂ ಸ್ಯಾನ್ ಡಿಯಾಗೋದಿಂದಲೂ ಬಂದು ಸೇರಿರುವ ನಮ್ಮ ಕನ್ನಡ ಸಂಘದವರೇ — ನಮಸ್ಕಾರ. ನಾನು ಶಾಮಲಾ. ಎಲ್ ಸೆಗುಂಡೋ ಆಫೀಸಿನಲ್ಲಿ ರಹಮತುಲ್ಲಾ ಅವರ ಪಕ್ಕದ ಮೇಜು ನನ್ನದು. ಈ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಅಂದಿದ್ದಾರೆ. ಹೇಳುತ್ತೇನೆ. ಆದರೆ ಅದರ ಜೊತೆಗೆ ಬೇರೆಯೇ ಒಂದು ಮಾತೂ ಹೇಳಬೇಕಿದೆ.

ಊಟಕ್ಕೆ ಕೂತರೆ ಅವರದು ಒಂದೇ ಕಥೆ — ನೀವೂ ಕೇಳಿರುತ್ತೀರಿ — ೧೮೫೫ರ ಲಾಸ್ ಏಂಜಲೀಸ್ ಮೇಯರ್ ಚುನಾವಣೆ. ಜೈಲಿನಲ್ಲಿದ್ದ ಒಬ್ಬನನ್ನು ಎಳೆದು ನೇಣಿಗೆ ಹಾಕಲು ಜನ ಹೊರಟರು. ಮೇಯರ್ ತಡೆಯಲಿಲ್ಲ. ರಾಜೀನಾಮೆ ಕೊಟ್ಟು ತಾನೇ ಗುಂಪಿನ ಮುಂದೆ ನಿಂತ. ಕೆಲವೇ ದಿನಕ್ಕೆ ಮತ್ತೆ ಚುನಾವಣೆ. ಊರು ಅವನನ್ನೇ ಮೇಯರ್ ಮಾಡಿತು. ಇಷ್ಟು ಹೇಳಿ, ಕೈಯಲ್ಲಿದ್ದ ಚಪಾತಿ ತುಂಡನ್ನು ಹೀಗೆ ಎತ್ತಿ ಹಿಡಿದು ಕೇಳೋರು: "ಬೇಡ ಅಂದವನು ಒಬ್ಬನಾದ್ರೂ ಇದ್ದಿರ್ಬೇಕಲ್ಲ ಶಾಮಲಾ? ನನಗೆ ಅವನ ಹೆಸರು ಬೇಕು." ರಜಾ ಬಂದರೆ ಲೈಬ್ರರಿಗೆ ಡ್ರೈವ್ ಮಾಡಿ ಆ ಹೆಸರು ಹುಡುಕೋರು. ನಾವು ಅವರ ಕಾಲೆಳೆಯುತ್ತಿದ್ದೆವು.

ಹೋದ ವರ್ಷ ಅವರು ಸಂಘದ ಅಧ್ಯಕ್ಷ ಸ್ಥಾನಕ್ಕೆ ನಾಮಪತ್ರ ಹಾಕಿದರು. ಬಾಲಕೃಷ್ಣ ಅವರೂ ಹಾಕಿದ್ದರು. ನಮಗೊಂದು ಹೆಮ್ಮೆ ಇದೆಯಲ್ಲ — ಸಂಘ ಹುಟ್ಟಿದಾಗಿನಿಂದ ಚುನಾವಣೆ ಅಂತ ನಡೆದೇ ಇಲ್ಲ, ಎಲ್ಲ ಅವಿರೋಧ ಆಯ್ಕೆ. ಅದಕ್ಕೇ ನಾವೊಂದಿಷ್ಟು ಜನ ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ಮೈಸೂರ್‌ಪಾಕ್ ಕಟ್ಟಿಸಿಕೊಂಡು ಅವರ ಮನೆಗೆ ಹೊರಟೆವು. ಕನ್ನಡ ಸಂಘಕ್ಕೆ ಸಾಬರು ಅಧ್ಯಕ್ಷರಾ ಅಂತ ಕಾರಿನಲ್ಲಿ ಒಬ್ಬರು ಅಂದರು. ಉಳಿದವರು ಕಿಟಕಿಯಾಚೆ ನೋಡಿದೆವು. ನಾನೂ ನೋಡಿದೆ.

ಸಾಜಿದಾ ಅವರ ಕೈಯ ಚಹಾ ಕುಡಿದು, ಒಗ್ಗಟ್ಟು ಮುಖ್ಯ, ನೀವು ಹಿರಿಯರು, ವಾಪಸ್ ತಗೊಳ್ಳಿ ಅಂದೆವು. ಅವರ ಜಾಗದಲ್ಲಿ ಬೇರೆ ಯಾರಾದರೂ ನಿಂತಿದ್ದರೆ ಸ್ವೀಟ್ ಹಿಡಿದುಕೊಂಡು ಓಡುತ್ತಿದ್ದೆವಾ? ಇಲ್ಲ. ನಿಮಗೂ ಗೊತ್ತು.

ಅವರು ನಾಮಪತ್ರ ವಾಪಸ್ ತಗೊಂಡರು. ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ ನಡೆದ ಸಂಘದ ಮಹಾಸಭೆಯಲ್ಲಿ ಬಾಲಕೃಷ್ಣ ಅವರ ಹೆಸರು ಘೋಷಿಸಿದಾಗ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ. ಸೋಮವಾರ ಆಫೀಸಿನಲ್ಲಿ ಮೆಲ್ಲಗೆ ಅಂದರು: "ಸೋತಿದ್ರೆ ಬೇಜಾರಿರ್ಲಿಲ್ಲ ಕಣಮ್ಮ. ನನ್ನ ಕಡೆ ಎಷ್ಟು ಜನ ಇದ್ದಾರೆ ಅಂತಾದ್ರೂ ಗೊತ್ತಾಗ್ತಿತ್ತು."

ಆಮೇಲೆ ಆ ಮೇಯರ್ ಕಥೆ ಅವರು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ — ಕೇಳುವ ಮುಖ ನನಗಿರಲಿಲ್ಲ. ಒಂದು ದಿನ ಕ್ಷಮೆ ಕೇಳಿದರಾಯಿತು ಅಂದುಕೊಂಡೆ. ಅವರ ಹೃದಯ ಅಷ್ಟು ಕಾಯಲಿಲ್ಲ.

ಮೊನ್ನೆ ಅವರ ಮನೆಯಲ್ಲಿ ಹಾನಿಯಾ ನನ್ನನ್ನು ಕೇಳಿದಳು: "ಆಂಟಿ, ವುಡ್ ಎನಿವನ್ ಹ್ಯಾವ್ ವೋಟೆಡ್ ಫಾರ್ ಅಬ್ಬಾ?" ಅಪ್ಪನಿಗೆ ಯಾರಾದರೂ ವೋಟು ಹಾಕುತ್ತಿದ್ದರಾ ಅಂತ. ನನ್ನೊಬ್ಬಳಿಂದ ಕೊಡಲಾಗದ ಉತ್ತರ ಅದು.

ಮೌನಾಚರಣೆಗೆ ಎಲ್ಲರೂ ಏಳಿ ಅನ್ನುವುದು ರೂಢಿ. ನಾನು ಹಾಗೆ ಹೇಳುವುದಿಲ್ಲ. ಅವತ್ತು ಮತದಾನ ನಡೆದಿದ್ದರೆ — ರಹಮತುಲ್ಲಾ ಅವರ ಕಡೆ ಯಾರ್ಯಾರು ಇರುತ್ತಿದ್ದಿರೋ, ಅವರು ದಯವಿಟ್ಟು ಎದ್ದು ನಿಲ್ಲಿ. ಮಾತು ಬೇಡ.

ಹಾನಿಯಾ — ಹಿಂದಕ್ಕೆ ತಿರುಗಿ ನೋಡು, ಮಗಳೇ.