ತನ್ನ ಬಾಗಿಲಲ್ಲೇ ಡಂಗುರ ಸಾರಿದ ಚಿಕ್ಕೀರ

ನಿಂತವರು ಕೂರಿ, ಕೂತವರು ಸ್ವಲ್ಪ ಒತ್ತರಿಸಿಕೊಳ್ಳಿ. ಬಾಯಲ್ಲಿ ಎಲೆಯಡಿಕೆ ಇದ್ದವರು ಉಗುಳಿ ಬನ್ನಿ, ನಡುವೆ ಎದ್ದು ಹೋಗುವ ಕಥೆಯಲ್ಲ ಇದು. ಏಳು ಕೆರೆಯ ಆಚೆ, ಏಳು ಗುಡ್ಡದ ಈಚೆ ಒಂದೂರು ಇತ್ತಂತೆ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ, ‘ಅದು ನಮ್ಮೂರೇ’ ಅಂತ ಹತ್ತು ಜನ ಜಗಳಕ್ಕೆ ಎದ್ದು ಬರುತ್ತಾರೆ.

ಆ ಊರಿಗೊಬ್ಬ ಪಾಳೇಗಾರ. ಪಾಳೇಗಾರನ ಅಪ್ಪಣೆಯನ್ನು ಬೀದಿಬೀದಿಗೆ ಸಾರುವುದಕ್ಕೆ ಒಬ್ಬ ಡಂಗುರದವನು. ಅವನೇ ಚಿಕ್ಕೀರ. ತಮಟೆಗೆ ಮೂರು ಪೆಟ್ಟು ಹಾಕಿ ‘ಕೇಳ್ರಪ್ಪೋ ಕೇಳಿ’ ಅಂದ ಅಂದರೆ ತೊಟ್ಟಿಲ ಕೂಸೂ ಕಣ್ಣು ಬಿಡಬೇಕು, ಅಂಥ ಗಂಟಲು. ಸಂಬಳ ಎಷ್ಟು? ತಿಂಗಳಿಗೆ ಹತ್ತು ಹಣ. ಹನ್ನೊಂದಲ್ಲ, ಹತ್ತೂವರೆಯಲ್ಲ, ಹತ್ತು.

ಈ ಚಿಕ್ಕೀರನಿಗೆ ಸಾಲ ಇತ್ತು. ಸಾಹುಕಾರ ಮಲ್ಲರಾಜಪ್ಪನ ಹತ್ತಿರ ಮೂವತ್ತು ಹಣ ತಂದಿದ್ದ. ಅದರಲ್ಲಿ ಹೆಂಡತಿ ಪುಟ್ಟನಂಜಿಯ ಬಾಣಂತಿ ಜ್ವರಕ್ಕೆ ಇಪ್ಪತ್ತು ಹೋಯಿತು. ಅದಕ್ಕೆ ಯಾರೂ ಬೆರಳು ತೋರಿಸುವಂತಿಲ್ಲ. ಉಳಿದ ಹತ್ತಕ್ಕೆ ಏನು ತಂದ ಗೊತ್ತೆ? ಒಂದು ಜರಿ ರುಮಾಲು. ಡಂಗುರದವನ ತಲೆ ಮೇಲೆ ಜರಿ ಇರಬೇಕು ಅಂತ ಯಾರೋ ಅಂದರಂತೆ, ಇವನು ನಂಬಿದನಂತೆ. ತಪ್ಪು ಇವನದೇ, ಮುಚ್ಚಿಡುವುದಿಲ್ಲ. ಆದರೆ ತಪ್ಪಿಗೂ ಒಂದು ಬೆಲೆ ಅಂತ ಇರುತ್ತದಲ್ಲ? ಆ ಬೆಲೆಗೂ ಒಂದು ಕೊನೆ ಅಂತ ಇರಬೇಕಲ್ಲ?

ಇಲ್ಲಿ ಕೇಳಿ, ಆ ಊರಲ್ಲೊಂದು ಪದ್ಧತಿ. ಸಾಲ ತೀರಿಸದವನ ಬಾಗಿಲ ಮುಂದೆ ಡಂಗುರ ಹೊಡೆಸುವ ಹಕ್ಕು ಸಾಹುಕಾರನಿಗಿತ್ತು. ‘ಇಂಥವನು ಸಾಲಗಾರ’ ಅಂತ ಊರಿಗೆಲ್ಲ ಸಾರುವುದು. ಆಮೇಲೆ ಆ ಮನೆಯವರು ಬಾವಿಕಟ್ಟೆಗೆ ತಲೆ ತಗ್ಗಿಸಿಕೊಂಡೇ ಹೋಗಬೇಕು. ಹಾಗಾಗಬಾರದು ಅಂದರೆ ಬಡ್ಡಿಯ ಜೊತೆಗೆ ತಿಂಗಳು ತಿಂಗಳು ಇನ್ನಷ್ಟು ದುಡ್ಡು ಗುಟ್ಟಾಗಿ ಕೊಡಬೇಕು. ಅದಕ್ಕೆ ಹೆಸರು ಮರ್ಯಾದೆ ಹಣ. ಹೆಸರು ನೋಡಿ! ಮರ್ಯಾದೆ ನಿಮ್ಮದು, ಹಣವೂ ನಿಮ್ಮದು, ಪೆಟ್ಟಿಗೆ ಮಾತ್ರ ಅವನದು.

ಚಿಕ್ಕೀರ ತಿಂಗಳಿಗೆ ಎರಡು ಹಣ ಬಡ್ಡಿ ಕೊಡುತ್ತಿದ್ದ, ಎರಡು ಹಣ ಮರ್ಯಾದೆಗೆ. ತನ್ನ ಬಾಗಿಲಲ್ಲಿ ತನ್ನದೇ ತಮಟೆ ಸದ್ದು ಮಾಡದಿರಲಿ ಅಂತ! ಉಳಿದ ಆರರಲ್ಲಿ ಗಂಡ, ಹೆಂಡತಿ, ಒಂದು ಹೆಣ್ಣುಮಗು ಉಣ್ಣಬೇಕು, ಉಡಬೇಕು.

ಏಳನೇ ದೀಪಾವಳಿ ಕಳೆದ ಮಾರನೇ ದಿನ ಎಂದಿನ ಹಾಗೆ ನಾಲ್ಕು ಹಣ ಹಿಡಿದು ಸಾಹುಕಾರನ ಜಗಲಿಗೆ ಹೋದ. ಮಲ್ಲರಾಜಪ್ಪ ಎಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ನಗುನಗುತ್ತ ಕೇಳಿದ:

“ಲೇ ಚಿಕ್ಕೀರ, ಇದು ಎಷ್ಟನೇ ದೀಪಾವಳಿಯೋ?”

“ಏಳು, ಬುದ್ಧಿ.”

“ಎಂಟು ದಾಟಿದರೆ ಏನು ಅಂತ ಗೊತ್ತಲ್ಲ?”

ಗೊತ್ತಿಲ್ಲದೆ ಏನು? ಎಂಟು ದೀಪಾವಳಿ ದಾಟಿದರೂ ಅಸಲು ಉಳಿದಿದ್ದರೆ ಆ ಮನೆಯಿಂದ ಒಬ್ಬರು ಸಾಹುಕಾರನ ಮನೆಗೆ ಜೀತಕ್ಕೆ ಬರಬೇಕು.

“ನೀನು ಪಾಳೇಗಾರರ ಕೆಲಸದವನು, ನಿನ್ನನ್ನ ಕೇಳೋ ಹಾಗಿಲ್ಲ,” ಅಂದ ಮಲ್ಲರಾಜಪ್ಪ. “ನಿನ್ನ ಹೆಂಡತಿ ಗಟ್ಟಿಗಿತ್ತಿ. ನಮ್ಮ ಒರಳಿಗೆ ಭತ್ತ ಕುಟ್ಟೋರು ಸಾಲದು. ಅವಸರ ಇಲ್ಲಪ್ಪ, ಇನ್ನೂ ಒಂದು ವರ್ಷ ಇದೆ.”

ಚಿಕ್ಕೀರ ಮನೆಗೆ ಬಂದ. ಬಂದವನು ಕಂಬಕ್ಕೆ ಒರಗಿ ಕೂತ. ಪುಟ್ಟನಂಜಿ ಕೇಳಿದಳು, ಇವನು ಹೇಳಿದ. ಅವಳು ಅಳಲಿಲ್ಲ. ಒಳಗೆ ಹೋಗಿ ಒಂದು ಕುಡಿಕೆ ತಂದು ಅವನ ಮುಂದೆ ಬೋರಲು ಹಾಕಿದಳು. ಬಳಬಳ ಅಂತ ಹುಣಸೆ ಬೀಜ.

“ಏನೇ ಇದು?”

“ನೀನು ಆ ಮನೆಗೆ ಒಂದೊಂದು ಹಣ ಕೊಟ್ಟಾಗಲೂ ಒಂದೊಂದು ಬೀಜ ಹಾಕಿದ್ದೀನಿ. ಎಣಿಸು.”

ಎಣಿಸಿದ. ನೂರಾಯಿತು. ಇನ್ನೂರಾಯಿತು. ಮುನ್ನೂರಾಯಿತು. ಮುನ್ನೂರ ಮೂವತ್ತಾರಕ್ಕೆ ನಿಂತಿತು.

“ತಂದದ್ದು ಎಷ್ಟು?” ಅಂದಳು.

“ಮೂವತ್ತು.”

“ಕೊಟ್ಟದ್ದು ಮುನ್ನೂರ ಮೂವತ್ತಾರು. ಇನ್ನೂ ಎಷ್ಟು ಬಾಕಿ?”

“ಮೂವತ್ತು.”

“ಇದರಲ್ಲಿ ಅರ್ಧ ಬಡ್ಡಿಗೆ ಹೋಯಿತು, ಬಿಡು. ಇನ್ನರ್ಧ ಯಾತಕ್ಕೆ ಹೋಯಿತಯ್ಯ?”

ಯಾತಕ್ಕೆ ಹೋಯಿತು? ನೀವೇ ಹೇಳಿ! ನಾಚಿಕೆಗೆ ಹೋಯಿತು. ನೂರ ಅರವತ್ತೆಂಟು ಹಣ ಬರೀ ನಾಚಿಕೆಗೆ! ಅಷ್ಟರಲ್ಲಿ ಅಸಲು ಐದು ಸಲ ತೀರಿ, ಆರನೇ ಸಲಕ್ಕೂ ಅರ್ಧಕ್ಕಿಂತ ಹೆಚ್ಚು ಆಗುತ್ತಿತ್ತು.

ಚಿಕ್ಕೀರನಿಗೆ ಮೈಯೆಲ್ಲ ಉರಿಯಿತು. ಸಾಹುಕಾರನ ಮೇಲೆ ಉರಿಯಿತು. ಆಮೇಲೆ ತನ್ನ ಮೇಲೇ ಉರಿಯಿತು. ಯಾಕೆಂದರೆ ಈ ಏಳು ವರ್ಷದಲ್ಲಿ ಹತ್ತಾರು ಬಾಗಿಲ ಮುಂದೆ ನಿಂತು ಅಂಥ ಡಂಗುರ ಹೊಡೆದವನು ಇವನೇ. ಒಂದು ಡಂಗುರಕ್ಕೆ ಅರ್ಧ ಹಣ ಸಾಹುಕಾರ ಕೊಡುತ್ತಿದ್ದ, ಇವನು ಇಸಕೊಂಡಿದ್ದ. ಕುಂಬಾರರ ಹೊಂಬಜ್ಜಿಯ ಬಾಗಿಲಲ್ಲೂ ಹೊಡೆದಿದ್ದ. ಆ ಮುದುಕಿ ಬಾಗಿಲ ಸಂದಿಯಿಂದ ನೋಡಿದ ನೋಟ ಈಗ ಕಣ್ಣ ಮುಂದೆ ಬಂತು.

“ನಂಜಿ, ನಾನು ಇನ್ನು ಆ ಡಂಗುರ ಹೊಡೆಯಲ್ಲ. ಆ ದುಡ್ಡೂ ಕೊಡಲ್ಲ.”

“ಕೊಡದೆ ಇದ್ದರೆ ನಮ್ಮ ಬಾಗಿಲಿಗೆ ಡಂಗುರ ಬರುತ್ತೆ.”

“ಹೊಡೆಯೋನು ಯಾರು?”

ಪುಟ್ಟನಂಜಿ ಅವನ ಮುಖ ನೋಡಿದಳು. ನೋಡಿ ನೋಡಿ ಕಿಸಕ್ಕನೆ ನಕ್ಕಳು.

ಮುಂದಿನ ತಿಂಗಳು ಜರಿ ರುಮಾಲನ್ನು ಸಂತೆಯಲ್ಲಿ ಮೂರು ಹಣಕ್ಕೆ ಮಾರಿದ. ಹತ್ತಕ್ಕೆ ತಂದದ್ದು ಮೂರಕ್ಕೆ! ತಲೆಗೆ ಹೆಂಡತಿಯ ಹಳೇ ಸೀರೆಯ ತುಂಡು ಸುತ್ತಿಕೊಂಡು, ಏಳು ಹಣ ಹಿಡಿದು ಜಗಲಿಗೆ ಹೋದ.

“ಬುದ್ಧಿ, ಎರಡು ಬಡ್ಡಿಗೆ, ಐದು ಅಸಲಿಗೆ. ಮರ್ಯಾದೆ ಹಣ ಇಲ್ಲ.”

ಮಲ್ಲರಾಜಪ್ಪ ಅವನ ತಲೆ ನೋಡಿದ. “ಏನೋ ಇದು ವೇಷ? ಜರಿ ಇಲ್ಲದೆ ಡಂಗುರ ಸಾರ್ತೀಯಾ?”

“ಸದ್ದು ಗಂಟಲಿಂದ ಬರುತ್ತೆ ಬುದ್ಧಿ, ರುಮಾಲಿಂದ ಅಲ್ಲ.”

“ಅಸಲನ್ನ ಚಿಲ್ಲರೆ ಚಿಲ್ಲರೆಯಾಗಿ ಇಸಕೊಳ್ಳೋದು ನಮ್ಮ ವಂಶದಲ್ಲೇ ಇಲ್ಲ. ಕೊಟ್ಟರೆ ಮೂವತ್ತೂ ಒಟ್ಟಿಗೆ ಕೊಡು. ಇಲ್ಲ, ಮರ್ಯಾದೆಯಾಗಿ ಮರ್ಯಾದೆ ಹಣ ಕೊಡು. ಇಲ್ಲಾಂದ್ರೆ ನಾಳೆ ನಿನ್ನ ಬಾಗಿಲಿಗೆ ಡಂಗುರ!”

“ನಾಳೆ ಯಾಕೆ ಬುದ್ಧಿ, ಇವತ್ತೇ ಆಗಲಿ,” ಅಂದ ಚಿಕ್ಕೀರ. ಅಂದವನೇ ಎದ್ದು ಬಂದ.

ಬಂದು ತಮಟೆ ಕಾಯಿಸಿದ. ತನ್ನ ಬಾಗಿಲ ಮುಂದೆ ನಿಂತ. ಪುಟ್ಟನಂಜಿ ಹೊಸ್ತಿಲ ಮೇಲೆ ಮಗಳ ಕೈ ಹಿಡಿದುಕೊಂಡು ನಿಂತಿದ್ದಳು. “ಹೂಂ, ಹೊಡಿ,” ಅಂದಳು. ಮೂರು ಪೆಟ್ಟು ಹಾಕಿದ.

“ಕೇಳ್ರಪ್ಪೋ ಕೇಳಿ! ಡಂಗುರದ ಚಿಕ್ಕೀರ ಸಾಲಗಾರ! ತಂದದ್ದು ಮೂವತ್ತು! ಕೊಟ್ಟದ್ದು ಮುನ್ನೂರ ಮೂವತ್ತಾರು! ಅದರಲ್ಲಿ ಅರ್ಧ, ಈ ಮಾತು ನಿಮ್ಮ ಕಿವಿಗೆ ಬೀಳದಿರಲಿ ಅಂತ ಕೊಟ್ಟೆ! ಈಗ ಬಿತ್ತು, ಕೇಳಿಸಿಕೊಳ್ಳಿ! ಇವತ್ತು ಅಸಲಿಗೆ ಐದು ತಗೊಂಡು ಹೋದೆ, ಸಾಹುಕಾರರು ಬೇಡ ಅಂದರು!”

ಬಾಗಿಲಲ್ಲಿ ಸಾರಿದ. ಬಾವಿಕಟ್ಟೆಯಲ್ಲಿ ಸಾರಿದ. ಸಾಹುಕಾರನ ಜಗಲಿಯ ಮುಂದೆಯೇ ನಿಂತು ಮೂರನೇ ಸಲ ಸಾರಿದ. ಊರಿಗೆ ಊರೇ ಹಿಂದೆ ಬಂದಿತ್ತು. ಯಾರಾದರೂ ನಕ್ಕರೆ? ಒಬ್ಬರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಅಷ್ಟರಲ್ಲಿ ಹೊಂಬಜ್ಜಿ ಕೋಲೂರಿಕೊಂಡು ಮುಂದೆ ಬಂದಳು.

“ಅಯ್ಯೋ ಇವನ ಮನೆ ಕಾಯ್ವಾಗ! ನಾನೂ ತಿಂಗಳಿಗೊಂದು ಹಣ ಹಂಗೇ ಕೊಡ್ತಾ ಇದ್ದೀನಲ್ಲೋ! ಒಂದು ಸಲ ತಪ್ಪಿಸಿದ್ದಕ್ಕೆ ನೀನೇ ಬಂದು ನನ್ನ ಬಾಗಿಲಲ್ಲಿ ಬಡಿದೆ! ನಾನೊಬ್ಬಳೇ ಮುಂಡೆ ಹಿಂಗೆ ಅಂದುಕೊಂಡಿದ್ದೆ!”

“ಬಡಿದದ್ದು ನಾನೇ ಅಜ್ಜಿ. ತಪ್ಪಾಯ್ತು,” ಅಂದ ಚಿಕ್ಕೀರ, ಊರೆಲ್ಲ ಕೇಳುವ ಹಾಗೆ.

ಆಗ ನೋಡಿ! “ನಾನೂ,” ಅಂದ ಒಬ್ಬ. “ನಾನೂ,” ಅಂದಳು ಇನ್ನೊಬ್ಬಳು. ಗುಂಪಿನ ಹಿಂದಿನಿಂದ “ನಾನೂ” ಅಂದವನು ಯಾರು ಗೊತ್ತೆ? ಸಾಹುಕಾರನ ಸ್ವಂತ ಭಾಮೈದ! ಊರಲ್ಲಿ ಅರ್ಧಕ್ಕರ್ಧ ಮನೆ ಕೊಡುತ್ತಿತ್ತು. ಪ್ರತಿ ಮನೆಯೂ ತಾನೊಂದೇ ಅಂದುಕೊಂಡಿತ್ತು. ಅಕ್ಕಪಕ್ಕದ ಗೋಡೆಯವರು ಒಬ್ಬರಿಗೊಬ್ಬರು ಹೆದರಿಕೊಂಡು ಮೂರನೆಯವನ ಹೊಟ್ಟೆ ತುಂಬಿಸಿದ್ದರು! ಕೇಳುವವರಿಗೇ ಹೊಟ್ಟೆ ಉರಿಯುತ್ತದೆ, ಕೊಟ್ಟವರಿಗೆ ಹೇಗಾಗಿರಬೇಡ?

“ಇನ್ನು ಒಂದು ಕಾಸೂ ಕೊಡಲ್ಲ ಆ ದುಡ್ಡನ್ನ,” ಅಂದಳು ಹೊಂಬಜ್ಜಿ. “ನಂದೂ ಅಸಲಿಗೇ ಹಿಡ್ಕೊ ಸಾಹುಕಾರ. ಆಗಲ್ಲ ಅಂದರೆ ಹೇಳು, ನಡಿ, ಪಾಳೇಗಾರರ ಚಾವಡಿಗೇ ಹೋಗೋಣ.”

ಮಲ್ಲರಾಜಪ್ಪ ಗುಂಪು ನೋಡಿದ, ಲೆಕ್ಕ ಹಾಕಿದ. ಇಸಕೊಳ್ಳದಿದ್ದರೆ ಅಸಲೂ ಇಲ್ಲ, ಬಡ್ಡಿಯೂ ಇಲ್ಲ. ಹಲ್ಲು ಕಚ್ಚಿ ಕೈ ಚಾಚಿದ. ಚಿಕ್ಕೀರ ಏಳು ಹಣ ಇಟ್ಟ. ಇಟ್ಟವನು ಸುಮ್ಮನೆ ಬಂದನೆ? ಇಲ್ಲ. ಅಲ್ಲೇ ಮೂರು ಪೆಟ್ಟು: “ಕೇಳ್ರಪ್ಪೋ ಕೇಳಿ! ಮೂವತ್ತರಲ್ಲಿ ಐದು ಹೋಯಿತು, ಉಳಿದದ್ದು ಇಪ್ಪತ್ತೈದು!” ಓದುಬರಹ ಬಾರದವನಿಗೆ ಅದೇ ರಸೀದಿ. ಊರೆಲ್ಲ ಕೇಳಿದ ಲೆಕ್ಕವನ್ನು ಯಾವ ಸಾಹುಕಾರ ತಿದ್ದುತ್ತಾನೆ?

ಆಮೇಲೆ ಮಾಯೆ ನಡೆಯಿತೆ? ನಿಧಿ ಸಿಕ್ಕಿತೆ? ರಾಜಕುಮಾರ ಬಂದನೆ? ಏನೂ ಇಲ್ಲ. ಅದೇ ಹತ್ತು ಹಣ ಸಂಬಳ, ಅದೇ ಆರರಲ್ಲಿ ಊಟ, ಅದೇ ನಾಲ್ಕು ಜಗಲಿಗೆ. ಆದರೆ ಈಗ ನಾಲ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಅಸಲನ್ನು ಕಡಿಯುತ್ತಿತ್ತು. ಅಸಲು ಇಳಿದ ಹಾಗೆ ಬಡ್ಡಿ ಇಳಿಯಿತು, ಬಡ್ಡಿ ಇಳಿದ ಹಾಗೆ ಅಸಲಿಗೆ ಇನ್ನಷ್ಟು ಸಿಕ್ಕಿತು. ಒಂದು ತಿಂಗಳು ಚಿಕ್ಕೀರನ ಗಂಟಲು ಕಟ್ಟಿಹೋಯಿತು. ಸದ್ದಿಲ್ಲ, ಸಂಬಳವಿಲ್ಲ. ಪುಟ್ಟನಂಜಿ ಹೊಂಬಜ್ಜಿಯ ಮನೆಯಲ್ಲಿ ಮಣ್ಣು ತುಳಿದು ಆ ತಿಂಗಳ ಬಡ್ಡಿ ತಂದಳು. ಮಲ್ಲರಾಜಪ್ಪ ಬೆಲ್ಲದಂಥ ದನಿಯಲ್ಲಿ, “ಹತ್ತು ಹಣ ಕೈಗಡ ಕೊಡಲೇನಮ್ಮ? ಗಂಡನಿಗೆ ಔಷಧಿಗೆ?” ಅಂದನಂತೆ. “ಶುಂಠಿ ಕಷಾಯಕ್ಕೆ ಹತ್ತು ಹಣ ಆಗಲ್ಲ ಬುದ್ಧಿ,” ಅಂದು ಬಂದಳಂತೆ.

ಯುಗಾದಿಗೆ ಸಾರಿದ: ಉಳಿದದ್ದು ಹದಿನೆಂಟು! ಆಷಾಢದಲ್ಲಿ ಸಾರಿದ: ಉಳಿದದ್ದು ಒಂಬತ್ತಕ್ಕೂ ಕಡಿಮೆ! ಹನ್ನೊಂದನೇ ತಿಂಗಳು, ದೀಪಾವಳಿಗೆ ಇನ್ನೊಂದು ತಿಂಗಳಿದೆ ಅನ್ನುವಾಗ, ಜಗಲಿಯ ಮುಂದೆ ನಿಂತು ಸಾರಿದ: “ಕೇಳ್ರಪ್ಪೋ ಕೇಳಿ! ಉಳಿದದ್ದು ಸೊನ್ನೆ!”

ಏಳು ವರ್ಷದಲ್ಲಿ ಕದಲದ ಸಾಲ ಹನ್ನೊಂದು ತಿಂಗಳಲ್ಲಿ ತೀರಿತು. ಪುಟ್ಟನಂಜಿ ಆ ಒರಳ ಹತ್ತಿರ ಸುಳಿಯಬೇಕಾಗಲಿಲ್ಲ.

ಊರು ಕೇಕೆ ಹಾಕಿತು. ಆಗ ಮಲ್ಲರಾಜಪ್ಪ ಎದ್ದ. ಎಂಥ ನಗೆ ಅವನದು! ಬಂದು ಚಿಕ್ಕೀರನ ಹೆಗಲ ಮೇಲೆ ಕೈ ಹಾಕಿದ.

“ಭಲೇ ಗಂಡಸು ಕಣೋ ನೀನು! ಸಾಲ ತೀರಿಸಿದವನು ಊರಿಗೆ ಹೋಳಿಗೆ ಊಟ ಹಾಕೋದು ಹಿಂದಿನಿಂದ ಬಂದದ್ದು. ಹಾಕದೆ ಇದ್ದರೆ ಜನ ಏನಂದಾರು? ಖರ್ಚಿಗೆ ಯೋಚನೆ ಬೇಡ. ಮೂವತ್ತು ಹಣ ಈಗಲೇ ಕೊಡ್ತೀನಿ. ನಿನಗೆ ಅಂತ ಬಡ್ಡಿಯಲ್ಲೂ ಸ್ವಲ್ಪ ಕಡಿಮೆ.”

ಎಲ್ಲರ ಬಾಯಲ್ಲೂ ನೀರು, ಸುಳ್ಳು ಹೇಳುವುದಿಲ್ಲ. ಹೋಳಿಗೆ ತಿಂದು ಎಷ್ಟು ದಿನವಾಗಿತ್ತೋ! ಚಿಕ್ಕೀರ ಊರವರ ಮುಖ ನೋಡಿದ. ಅವನ ಬಾಯಿ ಒಂದು ಗಳಿಗೆ ‘ಆಗಲಿ’ ಅನ್ನುವಷ್ಟು ತೆರೆದಿತ್ತು. ಅಷ್ಟರಲ್ಲಿ ಪುಟ್ಟನಂಜಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಊಟ ಹಾಕ್ತೀವಿ ಬುದ್ಧಿ, ಯಾಕೆ ಹಾಕಲ್ಲ? ನಮ್ಮ ಗುಡಾಣದಲ್ಲಿ ರಾಗಿ ಅಂಬಲಿ ಇದೆ. ಈರುಳ್ಳಿ ಇದೆ. ಮಜ್ಜಿಗೆ ಇಲ್ಲ, ಇದ್ದವರು ತನ್ನಿ. ಬಟ್ಟಲೂ ನೀವೇ ತನ್ನಿ, ನಮ್ಮನೇಲಿ ಇರೋದು ಮೂರೇ. ಇದು ಸಾಲದವರು ಸಾಹುಕಾರರ ಹತ್ತಿರ ಮೂವತ್ತು ಇಸಕೊಂಡು ನಿಮ್ಮ ಮನೇಲೇ ಹೋಳಿಗೆ ಮಾಡ್ಕೊಳ್ಳಿ!”

ಹೊಂಬಜ್ಜಿ ಮೊದಲು ನಕ್ಕಳು. ಅವಳ ಹಿಂದೆ ಊರೇ ನಕ್ಕಿತು. ಬಟ್ಟಲು ತರಲು ಜನ ಓಡಿದರು. ಜಗಲಿಯ ಮೇಲೆ ಮಲ್ಲರಾಜಪ್ಪ ಒಬ್ಬನೇ ಉಳಿದ, ಕೈಯಲ್ಲಿ ಮೂವತ್ತು ಹಣ ಹಿಡಿದುಕೊಂಡು. ಆ ದಿನ ಅದನ್ನು ಇಸಕೊಳ್ಳುವವರು ಒಬ್ಬರೂ ಸಿಗಲಿಲ್ಲ.

ಅವರು ಅಲ್ಲಿ ಅಂಬಲಿ ಕುಡಿದು ಕೈ ತೊಳೆದರು, ನಾವು ಇಲ್ಲಿ ಕಥೆ ಕೇಳಿ ಮೈ ಕೊಡವಿದೆವು. ಏಳಿ, ಮನೆಗೆ ನಡೆಯಿರಿ. ಯಾರಿಗಾದರೂ ಗುಟ್ಟಾಗಿ ದುಡ್ಡು ಕೊಡುತ್ತಿದ್ದರೆ, ದಾರಿಯಲ್ಲಿ ಪಕ್ಕದವರಿಗೆ ಹೇಳಿಕೊಂಡು ಹೋಗಿ.