ಮೇಲ್ಬೀದಿಯ ಮಂಡಿ, ಕೆಳಬೀದಿಯ ಮಂಡಿ

ನಮ್ಮ ನೇಕಾರರ ಸಂಘದ ಅಧ್ಯಕ್ಷರಾದ ಶ್ರೀ ಅಣ್ಣಾಮಲೈ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಪ್ರೊಫೆಸರ್ ತಮಿಳ್‌ಸೆಲ್ವನ್ ಅವರೇ, ಇಂದು ಸನ್ಮಾನ ಸ್ವೀಕರಿಸಲಿರುವ ನಮ್ಮ ಬೀದಿಯ ಮಗಳು ಡಾಕ್ಟರ್ ಇಂದುಜಾ ಅವರೇ, ಮೇಲ್ಬೀದಿಯ ಬಂಧುಗಳೇ, ಕೆಳಬೀದಿಯ ಬಂಧುಗಳೇ, ನೆಲದ ಮೇಲೆ ಕುಳಿತಿರುವ ತಾಯಂದಿರೇ, ಕುರ್ಚಿಗಳನ್ನೆಲ್ಲ ಹಿಡಿದುಕೊಂಡಿರುವ ಗಂಡಸರೇ, ಒಟ್ಟಾರೆ ಸಭಿಕರೇ,

ಅಧ್ಯಕ್ಷರು ನನಗೆ ಚುಟುಕಾಗಿ ಮಾತಾಡಲು ಹೇಳಿದ್ದಾರೆ. ಪ್ರಯತ್ನಿಸುತ್ತೇನೆ. ಪ್ರೊಫೆಸರ್ ಅವರ ಜೊತೆ ಬಂದಿರುವ ಹೊಸಬರಿಗಾಗಿ ಹೇಳುವುದಾದರೆ, ನಾನು ರಾಜಗೋಪಾಲ್, ಮೇಲ್ಬೀದಿಯವನು, ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಪಂಚೆ ನೇಯ್ದುಕೊಂಡು ಬಂದವನು. ನನ್ನ ಈ ಕನ್ನಡ ಶಾಲೆಯಲ್ಲಿ ಕಲಿತದ್ದಲ್ಲ. ಮನೆಮಾತು ಕನ್ನಡವಾದರೂ ಸೇಲಂನಲ್ಲಿ ಹುಟ್ಟಿದ ನಮಗೆ ಶಾಲೆಯಲ್ಲಿ ಸಿಕ್ಕಿದ್ದು ತಮಿಳು. ಮಗ್ಗದ ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ಬೆಂಗಳೂರು ಕೇಳಿ ಕೇಳಿ ಕಲಿತ ಕನ್ನಡ ಇದು. ಈ ಭಾಷಣವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದೇನೆ. ಆದ್ದರಿಂದ ಅಲ್ಲಲ್ಲಿ ತಡವರಿಸಿದರೆ ತಪ್ಪು ನನ್ನದಲ್ಲ, ಅಕ್ಷರದ್ದು.

ಸಭಿಕರೇ, ಇಂದಿನ ವಿಷಯ ಮಂಡಿ. ನಮ್ಮ ಎರಡು ಬೀದಿಗಳಲ್ಲಿ ಮಂಡಿ ನೋವಿಲ್ಲದ ಮನೆ ಯಾವುದು? ಹೇಳಿ, ಯಾವುದು? ಗಂಡಸರು ಗುಂಡಿಯೊಳಗೆ ಕಾಲಿಟ್ಟು ದಿನವಿಡೀ ಹಲಗೆ ತುಳಿಯುತ್ತೇವೆ. ಹೆಂಗಸರು ನೆಲದ ಮೇಲೆ ಒಂದು ಕಾಲು ಮಡಿಸಿ ಕುಳಿತು ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಾರೆ. ವಯಸ್ಸಾಗುತ್ತಿದ್ದಂತೆ ಮಂಡಿ ತಕರಾರು ತೆಗೆಯುತ್ತದೆ. ಡಾಕ್ಟರ ಬಳಿ ಹೋದರೆ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಒಂದೇ ಮಾತು: ‘ತೇಯ್ಮಾನಂ’. ಸವೆದು ಹೋಗಿದೆ. ಸವೆದದ್ದನ್ನು ನಾವು ಏನು ಮಾಡುತ್ತೇವೆ? ಜೋಪಾನ ಮಾಡುತ್ತೇವೆ, ಬಳಸುವುದನ್ನು ಕಡಿಮೆ ಮಾಡುತ್ತೇವೆ. ಅದನ್ನೇ ಮಾಡಿದೆವು.

ನನ್ನ ಹೆಂಡತಿ ಚೆಲ್ಲಮ್ಮ ಹಾಗೆಯೇ ಜೋಪಾನ ಮಾಡಿಕೊಂಡಳು. ನೆಲಕ್ಕೆ ಕುಳಿತರೆ ಏಳಲಾಗದು ಎಂದು ರಾಟೆ ಬಿಟ್ಟಳು. ಮೋಟಾರಿನ ರಾಟೆ ತಂದು ಅಡುಗೆ ಮನೆಯ ಮೇಜಿನ ಮೇಲೆ ಇಟ್ಟೆವು. ಅವಳು ಅಲ್ಲಿ ಸ್ಟೂಲಿನ ಮೇಲೆ, ನಾನು ಇಲ್ಲಿ ಗುಂಡಿಯಲ್ಲಿ. ನಡುವೆ ಒಂದು ಗೋಡೆ, ಆ ಮೋಟಾರಿನ ಸದ್ದು. ಮೊದಲೆಲ್ಲ ನಾನು ಲಾಳಿ ಎಸೆಯುತ್ತ, ಅವಳು ಪಕ್ಕದಲ್ಲೇ ಕಂಡಿಕೆ ಸುತ್ತುತ್ತ, ಬೀದಿಯ ಸಮಾಚಾರವೆಲ್ಲ ಅಲ್ಲೇ ಆಗುತ್ತಿತ್ತು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಸಾಂಬಾರಿಗೆ ಉಪ್ಪು ಹೆಚ್ಚಾಯಿತು, ಎಲ್ಲವೂ. ಅದೆಲ್ಲ ನಿಂತಿತು. ಸ್ವಲ್ಪ ದಿನಕ್ಕೆ ನಾನೂ ಮಗ್ಗ ನಿಲ್ಲಿಸಿದೆ. ಅದು ಕಣ್ಣು ಮಂಜಾದ್ದರಿಂದ; ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಇಂದುಜಾ ಫಿಸಿಯೋಥೆರಪಿ ಓದಿ, ಮಂಡಿಯ ಮೇಲೇ ಸಂಶೋಧನೆ ಮಾಡುತ್ತೇನೆ ಎಂದು ನಮ್ಮ ಬೀದಿಗೇ ಬಂದಳು. ಗುಡಿಯ ಮಂಟಪದಲ್ಲಿ ಎಲ್ಲರನ್ನೂ ಕೂರಿಸಿ ಅವಳು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ‘ಮಂಡಿ ಮರದ ಸಾಮಾನಲ್ಲ ಮಾವ, ಅದು ಜೀವ ಇರೋ ಅಂಗ. ಮೂಳೆ ಒಂದೇ ಅಲ್ಲ, ಸುತ್ತಲಿನ ಮಾಂಸ, ನರ, ಒಳಗಿನ ಪೊರೆ ಎಲ್ಲಾ ಸೇರಿ ನೋಯ್ತೈತೆ. ಸುಮ್ನೆ ಕೂತ್ರೆ ತೊಡೆ ಸೊರಗ್ತೈತೆ, ಭಾರ ಎಲ್ಲಾ ಮಂಡಿ ಮೇಲೆ ಬೀಳ್ತೈತೆ. ಅದಕ್ಕೆ ಕೆಲಸ ಕೊಡಬೇಕು.’ ಫಿಲ್ಮಿನಲ್ಲಿ ಕಾಣುವ ಸವೆತಕ್ಕೂ ನೋವಿಗೂ ಲೆಕ್ಕ ಹೊಂದುವುದಿಲ್ಲ ಎಂದೂ ಹೇಳಿದಳು. ಅದು ನಿಜ. ನನ್ನ ಫಿಲ್ಮು ಚೆಲ್ಲಮ್ಮನದ್ದಕ್ಕಿಂತ ಕೆಟ್ಟದಾಗಿತ್ತು, ನೋವು ಮಾತ್ರ ಅವಳಿಗೇ ಹೆಚ್ಚು. ನಮ್ಮ ಮನೆಯಲ್ಲಿ ಬಹಳ ವಿಷಯ ಹಾಗೆಯೇ.

ಆಮೇಲೆ ಸಂಶೋಧನೆಯ ಕಾನೂನು ಹೇಳಿದಳು. ಒಂದು ಬೀದಿಗೆ ವ್ಯಾಯಾಮ ಕಲಿಸುವುದು, ಇನ್ನೊಂದು ಬೀದಿಗೆ ಬರೀ ಸಲಹೆಯ ಕಾಗದ ಕೊಡುವುದು. ವರ್ಷದ ಮೇಲೆ ಎರಡನ್ನೂ ಹೋಲಿಸಿ ನೋಡುವುದು. ವ್ಯತ್ಯಾಸ ಕಂಡರೆ ವ್ಯಾಯಾಮದಿಂದಲೇ ಲಾಭವಾಯಿತು ಎನ್ನಬಹುದು. ಚೀಟಿ ಎತ್ತಿದರು. ಮೇಲ್ಬೀದಿಗೆ ವ್ಯಾಯಾಮ ಬಂತು, ಕೆಳಬೀದಿಗೆ ಕಾಗದ. ಇಂದುಜಾ ಕೈಮುಗಿದು ಕೇಳಿಕೊಂಡಳು: ‘ಒಂದು ವರ್ಷ ಕೆಳಬೀದಿಯವರಿಗೆ ಇದನ್ನ ಹೇಳಿಕೊಡಬ್ಯಾಡಿ. ವರ್ಷ ಮುಗಿದ ಮೇಲೆ ಅವರಿಗೂ ನಾನೇ ಕಲಿಸ್ತೀನಿ. ಈಗ ಹೇಳಿಬಿಟ್ರೆ ನನ್ನ ಓದೆಲ್ಲ ನೀರಾಗೋಯ್ತದೆ.’ ಅಮ್ಮನ ಸನ್ನಿಧಿಯಲ್ಲಿ ನಾವೆಲ್ಲ ತಲೆಯಾಡಿಸಿದೆವು. ಮನಃಪೂರ್ವಕವಾಗಿಯೇ ತಲೆಯಾಡಿಸಿದೆವು.

ಮೇಲ್ಬೀದಿಯಲ್ಲಿ ವ್ಯಾಯಾಮ ಶುರುವಾಯಿತು. ಜಗಲಿಯ ತುದಿಗೆ ಕುಳಿತು ಒಂದು ಕಾಲನ್ನು ನೀಟಾಗಿ ಚಾಚಿ ಹಿಡಿಯುವುದು, ಇಳಿಸುವುದು. ಕೈ ಊರದೆ ಎದ್ದು ನಿಲ್ಲುವುದು, ಮೆಲ್ಲಗೆ ಕೂರುವುದು. ನೋಡಲು ಏನೂ ಇಲ್ಲ, ಮಾಡಿದರೆ ತೊಡೆ ಉರಿಯುತ್ತದೆ. ಕೆಳಬೀದಿಯವರು ಕಾಗದ ಓದಿದರು. ಚೆಲ್ಲಮ್ಮನ ಅಕ್ಕ ಕಣ್ಣಮ್ಮ ಕೆಳಬೀದಿಯವರು. ಅವರು ಆ ಕಾಗದವನ್ನು ನಾಲ್ಕು ಮಡಿಕೆ ಮಡಿಸಿ, ಅಲುಗಾಡುತ್ತಿದ್ದ ಬೀರುವಿನ ಕಾಲ ಕೆಳಗೆ ಇಟ್ಟರು. ಬೀರುವಿಗೆ ಪೂರ್ತಿ ಗುಣವಾಯಿತು.

ಇನ್ನು ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೊಸಬರಿಗೆ ಹೇಳಬೇಕು. ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡಿ ಒಣಗಿಸುತ್ತೇವೆ. ‘ಪಾವು’ ಹಾಕುವುದು ಎನ್ನುತ್ತೇವೆ. ಇದು ಒಂದು ಮನೆಯ ಕೈಯಲ್ಲಿ ಆಗುವ ಕೆಲಸವಲ್ಲ. ಇಂದು ನಿಮ್ಮ ಪಾವಿಗೆ ನಾವು ಬಂದರೆ, ನಾಳೆ ನಮ್ಮ ಪಾವಿಗೆ ನೀವು. ಮೇಲ್ಬೀದಿಯ ಪಾವಿಗೆ ಕೆಳಬೀದಿಯವರು ಬರಲೇಬೇಕು. ಮನಸ್ತಾಪವಿದ್ದರೂ ಬರುತ್ತಾರೆ, ಮುಖ ತಿರುಗಿಸಿಕೊಂಡಾದರೂ ಕುಂಚ ಹಿಡಿಯುತ್ತಾರೆ. ಗಂಜಿ ಬಳಿದಾದ ಮೇಲೆ ನೂಲು ಒಣಗುವವರೆಗೆ ಯಾರಿಗೂ ಕೆಲಸವಿಲ್ಲ. ಎಲ್ಲರೂ ಜಗಲಿಗಳ ಮೇಲೆ ಸಾಲಾಗಿ ಕುಳಿತು ಕಾಯುತ್ತಾರೆ.

ಪ್ರೊಫೆಸರ್ ಅವರೇ, ತಾವು ದೊಡ್ಡ ಪಂಡಿತರು, ಇಂದುಜಾಳ ಸಂಶೋಧನೆಗೆ ಗುರುಗಳು. ಬೀದಿಗೆ ಬೀದಿ ಬೇರೆ ಎಂದು ತಾವು ನಕ್ಷೆಯಲ್ಲಿ ನೋಡಿ ಗೆರೆ ಎಳೆದಿರಿ. ಆ ಗೆರೆಯನ್ನು ನಮ್ಮ ಪಾವು ವಾರಕ್ಕೆರಡು ಸಲ ದಾಟುತ್ತದೆ ಎಂದು ನಾವಾದರೂ ಹೇಳಬಹುದಿತ್ತು. ನಮಗೂ ಹೊಳೆಯಲಿಲ್ಲ. ನಮ್ಮ ಪಾಡಿಗೆ ನಾವು ಮಾಡುವ ಕೆಲಸ ನಮಗೆ ಎಲ್ಲಿ ಕಾಣುತ್ತದೆ?

ವರ್ಷ ಮುಗಿಯಿತು. ಇಂದುಜಾ ಎರಡು ಬೀದಿಯವರನ್ನೂ ನಡೆಸಿ, ಕೂರಿಸಿ, ಏಳಿಸಿ ಅಳೆದಳು. ಒಂದು ಸಂಜೆ ನಮ್ಮ ಜಗಲಿಗೆ ಬಂದು ತಲೆ ಬಗ್ಗಿಸಿ ಕುಳಿತಳು. ‘ಮೇಲ್ಬೀದಿಯವರು ಸುಧಾರಿಸಿದ್ದಾರೆ ಮಾವ,’ ಅಂದಳು. ‘ಸಂತೋಷ’ ಅಂದೆ. ‘ಕೆಳಬೀದಿಯವರೂ ಅಷ್ಟೇ ಸುಧಾರಿಸಿದ್ದಾರೆ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ.’ ನಾನು ಇನ್ನೂ ಸಂತೋಷ ಅಂದೆ. ಆಗ ಆ ಹುಡುಗಿ ಅತ್ತಳು. ವ್ಯತ್ಯಾಸವಿಲ್ಲ ಎಂದರೆ ವ್ಯಾಯಾಮದಿಂದ ಏನೂ ಆಗಿಲ್ಲ, ಕಾಗದವೇ ಸಾಕು ಎಂದು ಬರೆಯಬೇಕಾಗುತ್ತದಂತೆ. ಅವಳ ಡಾಕ್ಟರ್ ಪದವಿ ಆ ಒಂದು ಸಾಲಿನ ಮೇಲೆ ನಿಂತಿತ್ತು. ನನಗೆ ಊಟ ಸೇರಲಿಲ್ಲ. ಒಳಗೆ ಚೆಲ್ಲಮ್ಮನಿಗೂ ಸೇರಲಿಲ್ಲ. ಕಾರಣ ನನಗೆ ಗೊತ್ತಿರಲಿಲ್ಲ.

ಮರುವಾರ ಪ್ರೊಫೆಸರ್ ತಮಿಳ್‌ಸೆಲ್ವನ್ ಅವರೇ ಬಂದರು. ಇದೇ ಮಂಟಪ. ಎಲ್ಲರೂ ನೆಲದ ಮೇಲೆ ಕುಳಿತಿದ್ದೆವು. ಸಾಹೇಬರು ತಮಿಳಿನಲ್ಲಿ ನೇರವಾಗಿ ಕೇಳಿದರು: ‘ಕೀಳ್ ತೆರುವುಕ್ಕು ಯಾರು ಸೊಲ್ಲಿಕ್ಕುಡುತ್ತದು?’ ಕೆಳಬೀದಿಗೆ ಕಲಿಸಿದವರು ಯಾರು? ಎಲ್ಲರಿಗೂ ಗೊತ್ತಿತ್ತು, ಮಗ್ಗ ನಿಲ್ಲಿಸಿ ಪಾವಿಗೂ ಹೋಗದಿದ್ದ ನನ್ನನ್ನು ಬಿಟ್ಟು. ಕೆಳಬೀದಿಯ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಕುಳಿತರು.

ಆಗ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು. ಕೈ ಊರಲಿಲ್ಲ. ಪಕ್ಕದವಳ ಹೆಗಲು ಹಿಡಿಯಲಿಲ್ಲ. ನೆಲದಿಂದ ನೇರವಾಗಿ ಎದ್ದು ನಿಂತಳು. ನಾನು ಅವಳನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ! ಅವಳು ಏನು ಹೇಳುತ್ತಾಳೆ ಎನ್ನುವುದೇ ಮರೆತುಹೋಗಿ ಸುಮ್ಮನೆ ನೋಡುತ್ತಿದ್ದೆ.

‘ನಾನೇ ಕಣಮ್ಮಾ ಇಂದುಜಾ,’ ಅಂದಳು. ‘ನಾನೇ ಕಲಿಸ್ದೆ.’

‘ಯಾಕತ್ತೆ? ಬ್ಯಾಡ ಅಂದಿದ್ನಲ್ಲ?’

‘ಅಂದಿದ್ದೆ. ನಾನೂ ಊಂ ಅಂದಿದ್ದೆ. ಪಾವು ಒಣಗ್ತಾ ಇತ್ತು, ನಮ್ಮಕ್ಕ ಕಂಬ ಇಡ್ಕಂಡು, ಅಮ್ಮಾ ಅಂತ ಎದ್ಲು. ನನ್ನ ಕೈಲಿ ಔಷಧಿ ಐತೆ, ಅವ್ಳು ಅಂಗೆ ಎದ್ದೇಳ್ತಾವ್ಳೆ. ನೋಡ್ಕಂಡು ಎಂಗಮ್ಮಾ ಕೂತಿರ್ಲಿ? ಅಕ್ಕನಿಗೆ ಒಬ್ಬಳಿಗೇ ಅಂತ ತೋರಿಸ್ದೆ. ಮಾರನೇ ಪಾವಿಗೆ ನೋಡಿದ್ರೆ ಜಗಲಿ ತುಂಬಾ ಕಾಲು ಚಾಚವ್ರೆ.’

ಮಂಟಪದಲ್ಲಿ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಂದುಜಾ ಅಳುತ್ತಲೇ ನಕ್ಕಳು. ಚೆಲ್ಲಮ್ಮನ ಮಾತನ್ನು ಅಧ್ಯಕ್ಷರು ಪ್ರೊಫೆಸರ್ ಅವರಿಗೆ ತಮಿಳಿನಲ್ಲಿ ಹೇಳಿದರು. ಅವರು ಬೈಯುತ್ತಾರೆ ಎಂದು ನಾನು ಮುಂದೆ ಸರಿದು ಕುಳಿತೆ; ಬೈದರೆ ನನಗೆ ಬೈಯಲಿ ಎಂದು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಒಂದು ಪ್ರಶ್ನೆ ಕೇಳಿದರು: ‘ಈಗಲೂ ಮಾಡುತ್ತಿದ್ದೀರಾ?’ ಏನು ಪ್ರಶ್ನೆ ಇದು? ಪಾವು ಇರುವವರೆಗೂ ಮಾಡುತ್ತೇವೆ ಎಂದು ಹೆಂಗಸರು ಒಟ್ಟಿಗೆ ಹೇಳಿದರು.

ಆಗ ಅವರು ವಿವರಿಸಿದರು. ಮಂಡಿಗೆ ವ್ಯಾಯಾಮ ಒಳ್ಳೆಯದೆಂದು ಲೋಕದಲ್ಲಿ ಬಹಳ ಕಡೆ ಕಂಡುಕೊಂಡಿದ್ದಾರೆ. ಕಷ್ಟ ಇರುವುದು ಬೇರೆ ಕಡೆ. ಕಲಿಸುವವರು ಇರುವಷ್ಟು ದಿನ ಜನ ಮಾಡುತ್ತಾರೆ, ಅವರು ಬೆನ್ನು ತಿರುಗಿಸಿದರೆ ಬಿಟ್ಟುಬಿಡುತ್ತಾರೆ. ಇಲ್ಲಿ ಓದಿದವರು ಯಾರೂ ಕಲಿಸದ ಬೀದಿಯೊಂದು, ಯಾರೂ ಹೇಳದೆ ಮಾಡುತ್ತಿದೆ. ‘ನಡೆದದ್ದನ್ನು ನಡೆದಂತೆ ಬರೆ. ಇವರು ಯಾಕೆ ಬಿಡಲಿಲ್ಲ ಅನ್ನೋದನ್ನ ಹುಡುಕು’ ಎಂದು ಇಂದುಜಾಗೆ ಹೇಳಿದರು. ಅವಳು ಹುಡುಕಿದಳು. ಮತ್ತೆ ಎರಡು ವರ್ಷ ನಮ್ಮ ಪಾವುಗಳಲ್ಲಿ ಕುಂಚ ಹಿಡಿದಳು. ಮೊದಲ ಹೋಲಿಕೆ ಕೆಟ್ಟುಹೋಯಿತು ಎಂಬುದನ್ನೂ ಮುಚ್ಚಿಡದೆ ಬರೆದಳು. ಅದಕ್ಕೇ ಇಂದು ಅವಳ ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ಚಪ್ಪಾಳೆ ತಟ್ಟಿ ಸ್ವಾಮಿ, ಇದು ಚಪ್ಪಾಳೆಯ ಜಾಗ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ, ಇಲ್ಲವಾದರೆ ಡಾಕ್ಟರಮ್ಮ ಬೈಯುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಕೆಲವರಿಗೆ ಆಪರೇಷನ್ ಬೇಕೇ ಬೇಕಾಗುತ್ತದೆ. ಸವೆತವನ್ನು ತಡೆಯುವ ಮಾತ್ರೆಯನ್ನು ಜಗತ್ತು ಇನ್ನೂ ಹುಡುಕುತ್ತಿದೆ. ಚೆಲ್ಲಮ್ಮನಿಗೆ ಈಗಲೂ ಮೋಡ ಕವಿದ ದಿನ ಮಂಡಿ ಹಿಡಿಯುತ್ತದೆ. ಆದರೆ ಅವಳು ಮೋಟಾರಿನ ರಾಟೆಯನ್ನು ಅಟ್ಟಕ್ಕೆ ಹಾಕಿ, ಹಳೆಯ ರಾಟೆ ತೊಳೆದು, ನನ್ನ ಮಗ್ಗದ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಅದೇ ವಾರ ನಾನು ಮತ್ತೆ ಹಾಸು ಏರಿಸಿದೆ. ಕಣ್ಣಿಗೆ ಅದೇ ಹಳೆಯ ಕನ್ನಡಕ. ಈಗ ಬೀದಿಯ ಸಮಾಚಾರವೆಲ್ಲ ಮತ್ತೆ ನನಗೆ ಸಿಗುತ್ತಿದೆ. ಬಹಳ ಸಂತೋಷವಾಗಿದ್ದೇನೆ. ಇದನ್ನು ಕಾಗದದಲ್ಲಿ ಬರೆದುಕೊಂಡು ಬಂದಿರಲಿಲ್ಲ, ಬಾಯಿಗೆ ಬಂತು.

ಈಗ ಎಲ್ಲಿದ್ದೆ? ಹೌದು, ಮುಂದಿನ ಕೆಲಸ. ವ್ಯಾಯಾಮದಿಂದಲೇ ಗುಣವಾಯಿತೇ ಎಂಬ ಪ್ರಶ್ನೆಗೆ ನಮ್ಮಿಂದಾಗಿ ಉತ್ತರ ಸಿಗದೆ ಉಳಿದಿದೆ. ಅದಕ್ಕೆ ಇಂದುಜಾ ಹೊಸ ಅಧ್ಯಯನಕ್ಕೆ ಹೊರಟಿದ್ದಾಳೆ, ಈ ಸಲ ಬೇಸಾಯಗಾರರ ಊರುಗಳಲ್ಲಿ. ಒಂದು ಕಡೆ ಮೇಚೇರಿ ಸುತ್ತಿನ ಹಳ್ಳಿಗಳು, ಇನ್ನೊಂದು ಕಡೆ ಧರ್ಮಪುರಿಯ ಹತ್ತಿರ ನಲ್ಲಂಪಳ್ಳಿ ಸುತ್ತಿನ ಹಳ್ಳಿಗಳು. ಇಷ್ಟು ದೂರವಿದ್ದರೆ ಒಂದು ಕಡೆಯ ವಿಷಯ ಇನ್ನೊಂದು ಕಡೆಗೆ ಸೋರಲಾರದು ಎಂದು ಯೋಚಿಸಿದ್ದಾರೆ. ಮುಂದಿನ ತಿಂಗಳು ಚೀಟಿ ಎತ್ತುತ್ತಾರೆ. ಈ ಸಲ ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ ಎಂದು ಎರಡು ಬೀದಿಯ ಪರವಾಗಿ ವೇದಿಕೆಯಿಂದ ಮಾತು ಕೊಡಬೇಕೆಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದ್ದಾರೆ. ಚೆಲ್ಲಮ್ಮನನ್ನೂ ವೇದಿಕೆಗೆ ಕರೆದು ಅವಳ ಬಾಯಲ್ಲೂ ಅದನ್ನು ಹೇಳಿಸಬೇಕಂತೆ.

ಅಧ್ಯಕ್ಷರೇ, ಕ್ಷಮಿಸಬೇಕು. ಚೆಲ್ಲಮ್ಮ ಸಭೆಯಲ್ಲಿಲ್ಲ. ಕಣ್ಣಮ್ಮನವರೂ ಇಲ್ಲ. ಕಣ್ಣಮ್ಮನವರ ಮಗಳನ್ನು ಮೇಚೇರಿಗೆ ಕೊಟ್ಟಿದೆ. ಅಲ್ಲಿ ಬೀಗಿತ್ತಿಗೆ ಆಡು ಕಟ್ಟಲು ಬಗ್ಗಿದರೆ ಮಂಡಿ ಹಿಡಿದು ಏಳಲಾಗುತ್ತಿಲ್ಲ ಎಂದು ನಿನ್ನೆ ಫೋನ್ ಬಂತು. ಅಕ್ಕ ತಂಗಿ ಇಬ್ಬರೂ ಇಂದು ಬೆಳಿಗ್ಗೆ ಬಸ್ಸು ಹತ್ತಿದ್ದಾರೆ. ನಾನು ಬಾಗಿಲಿಗೆ ಅಡ್ಡ ನಿಂತು ಅಧ್ಯಯನದ ವಿಷಯ ನೆನಪಿಸಿದೆ. ‘ನಾ ಏನೂ ಕಲಿಸಾಕಿಲ್ಲ, ಸುಮ್ನೆ ನೋಡ್ಕಂಡು ಬತ್ತೀನಿ’ ಅಂದಳು.

ಸುಮ್ಮನೆ ನೋಡಿಕೊಂಡು ಬರುವುದು ಅವಳಿಗೆ ಬರುವಂತಿದ್ದರೆ, ಸಭಿಕರೇ, ಇಂದು ಈ ಸಭೆಯೇ ಇರುತ್ತಿರಲಿಲ್ಲ.

ಆದ್ದರಿಂದ ಇಂದು, ಮಗಳೇ, ನಾನು ಮಾತು ಕೊಡುವುದಿಲ್ಲ. ಮೇಚೇರಿಯ ಹೆಸರು ಬಿಟ್ಟು ಬೇರೆ ಊರು ಹುಡುಕಿಕೋ. ನಮ್ಮ ಹೆಣ್ಣುಮಕ್ಕಳನ್ನು ಎಲ್ಲೆಲ್ಲಿಗೆ ಕೊಟ್ಟಿದ್ದೇವೆ ಎಂದು ಮೊದಲು ಕೇಳಿ, ಆಮೇಲೆ ಗೆರೆ ಎಳೆ. ಅವಳನ್ನು ತಡೆಯಲು ನನ್ನಿಂದ ಆಗದು. ನಿಜ ಹೇಳಬೇಕೆಂದರೆ, ಬಾಗಿಲಿಗೆ ಅಡ್ಡ ನಿಂತಿದ್ದ ನಾನೇ, ಅವಳು ಆ ಎತ್ತರದ ಹೊಸ್ತಿಲನ್ನು ಕದ ಹಿಡಿಯದೆ ದಾಟಿದ್ದು ಕಂಡು, ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಹೋಗಿ ಹತ್ತಿಸಿ ಬಂದೆ.

ಇಷ್ಟು ಹೊತ್ತು ನನ್ನನ್ನು ನಿಲ್ಲಿಸಿದ ನಿಮ್ಮ ತಾಳ್ಮೆಗೆ, ನಿಂತ ನನ್ನ ಮಂಡಿಗೆ, ನಮ್ಮ ಡಾಕ್ಟರಮ್ಮನಿಗೆ, ಎಲ್ಲರಿಗೂ ವಂದನೆಗಳು. ನಮಸ್ಕಾರ.